ನೋವು ಇತ್ತ್

"ಮೊಣಕಾಲ್ ಹ್ಯಾಂಗಿತ್ತ್ ಅಕ್ಕ?" ದಾಸವಾಳದ ಬೇಲಿಯ ಮೇಲಿಂದ ಕೇಳಿದೆ.

"ನೋವ್ ಇತ್ತ್ ಮಾರಾಯ. ಡಾಕ್ಟ್ರಿಗೆ ಹಾಂಗೇ ಹೇಳ್ದೆ. 'ಓ, ಈಗ ಕಡಿಮೆಯಾಯ್ತಾ?' ಅಂದ್ರ್!"

ಬಯಲುಸೀಮೆಯ ಎಳೆ ಡಾಕ್ಟರು. ಅವರಿಗೆ 'ಇತ್ತು' ಅಂದರೆ ಆಗಿಹೋದದ್ದು. ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆ ನಮಗೆ 'ಇತ್ತ್' ಅಂದರೆ ಈ ಗಳಿಗೆಯಲ್ಲಿ ಇರುವುದು, ಆಗಿಹೋದದ್ದಕ್ಕೆ 'ಇದ್ದಿತ್ತ್'.

"ನೋವು ಅನ್ನುವ ಮಾತಿನ ಬಗ್ಗೆಯೇ ಕೇಂಬ್ರಿಜ್‌ನಲ್ಲಿ ಪಾಠ ಕೇಳಿ ಬಂದವರೊಬ್ಬರು ಧಾರವಾಡದಲ್ಲಿದ್ದರು ಅಕ್ಕ. ಕೆ.ಜೆ. ಶಾ ಅಂತ."

"ನೋವಿಗೂ ಪಾಠವಾ!"

ಹೌದು. 1946–47ರಲ್ಲಿ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಅಲ್ಲಿ ಮನಸ್ಸಿನ ಕುರಿತು ಮಾಡಿದ ಪಾಠಗಳನ್ನು ಶಾ ಕೂತು ಬರೆದುಕೊಂಡರು. ಅದು ಆ ಮೇಷ್ಟ್ರ ಕೊನೆಯ ತರಗತಿ. 1947ರಲ್ಲಿ ಅವರು ಹುದ್ದೆ ಬಿಟ್ಟರು. ಗೀಚ್, ಜಾಕ್ಸನ್ ಎಂಬ ಸಹಪಾಠಿಗಳ ಟಿಪ್ಪಣಿಯ ಜೊತೆ ಶಾ ಅವರದ್ದೂ 1988ರಲ್ಲಿ ಪುಸ್ತಕವಾಯಿತು. ಅಷ್ಟರಲ್ಲಿ ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದರು, ಕೌಟಿಲ್ಯನ 'ಅರ್ಥಶಾಸ್ತ್ರ'ದ ಬಗ್ಗೆಯೂ ಬರೆದಿದ್ದರು. ಇಂಥವರ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರುವುದೇ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟ.

"ಅವರ ಮೇಷ್ಟ್ರು ಬರೆದದ್ದು ಕೇಳಿ. ಒಬ್ಬೊಬ್ಬರ ಕೈಯಲ್ಲೂ ಒಂದು ಡಬ್ಬಿ. ಒಳಗಿರುವುದಕ್ಕೆ ಎಲ್ಲರೂ 'ಜೀರುಂಡೆ' ಅನ್ನುತ್ತಾರೆ. ಇನ್ನೊಬ್ಬರ ಡಬ್ಬಿ ಇಣುಕುವ ಹಾಗಿಲ್ಲ. ನಿಮ್ಮದರಲ್ಲಿ ಬೇರೇನೋ ಇರಬಹುದು, ಖಾಲಿಯೂ ಇರಬಹುದು. ಆದರೂ 'ಜೀರುಂಡೆ' ಅನ್ನುವ ಮಾತು ಊರಲ್ಲಿ ನಡೆಯುತ್ತದೆ."

ಅಕ್ಕನ ಮುಖ ಗಂಟಿಕ್ಕಿತು. "ಹಾಂಗಾರೆ ನನ್ ನೋವ್ ಸುಳ್ಳಾ?"

"ಅಲ್ಲವೇ ಅಲ್ಲ. ನೋವು ನಿಜವೇ. ಆ ಮಾತಿಗೆ ಅರ್ಥ ಬಂದದ್ದು ಡಬ್ಬಿಯೊಳಗಿನಿಂದ ಅಲ್ಲ, ಅಷ್ಟೇ. ಮಗು ಅಂಗಳದಲ್ಲಿ ಬಿದ್ದು ಅಳುತ್ತದೆ. ದೊಡ್ಡವರು ಓಡಿಬಂದು 'ನೋವಾಯ್ತಾ?' ಅನ್ನುತ್ತಾರೆ. ಆಮೇಲೆ ಮಗು ಅಳುವ ಬದಲು ಆ ಮಾತು ಹೇಳಲು ಕಲಿಯುತ್ತದೆ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೈ ತಾನಾಗಿ ಮೊಣಕಾಲಿಗೆ ಹೋಗಿತ್ತು.

"ನಮ್ಮ್ ಅಬ್ಬಿ ಗಾಯಕ್ಕೆ ಉಫ್ ಅಂತ ಊದ್ತಿದ್ದಿತ್ತ್. ಹಾಂಗೆ ಕಲ್ತದ್ದಾ ನಾವ್ ಈ ಮಾತ್?"

"ಹಾಂಗೇ ಅಕ್ಕ."

"ಬಪ್ಪು ವಾರ ಮತ್ತೆ ಹೋಯ್ಕ್. ಡಾಕ್ಟ್ರಿಗೆ ಎಂತ ಹೇಳ್ಕ್?"

"ನೋವ್ ಇತ್ತ್ ಅಂತಲೇ ಹೇಳಿ. ಈಗ ಹಿಡಿದುಕೊಂಡ ಹಾಗೇ ಮೊಣಕಾಲು ಹಿಡಿದುಕೊಂಡು ಹೇಳಿ."