ನೀರಾವರಿ ಮಂತ್ರಿಗೆ ಎರಡು ಬಕೆಟ್

ಜೂನ್ ಬಂತು. ಶಾಲೆಗಳಲ್ಲಿ ಪ್ರಜಾಪ್ರಭುತ್ವ ಶುರು.

ಹೈಸ್ಕೂಲು ಮಕ್ಕಳಿಗೆ ಈಗ ಒಂದೇ ತಲೆಬಿಸಿ. ಶಾಲಾ ಸಂಸತ್ತಿಗೆ ನಿಲ್ಲಬೇಕೋ, ಬೇಡವೋ? ನಿಲ್ಲುವ ಮೊದಲು ಸಂಪುಟವನ್ನೊಮ್ಮೆ ನೋಡಿಕೊಳ್ಳಿ, ಮಕ್ಕಳೇ.

ಸರ್ಕಾರಿ ಶಾಲೆಯಲ್ಲಿ ನೀರಾವರಿ ಮಂತ್ರಿ ಅಂತ ಒಬ್ಬನಿರುತ್ತಾನೆ. ಖಾತೆ ದೊಡ್ಡದು. ಕೆಲಸ ಮಾತ್ರ ಗಿಡಕ್ಕೆ ನೀರು ಹೊಯ್ಯುವುದು, ಡ್ರಮ್ಮು ತುಂಬಿಸುವುದು. ಸ್ವಚ್ಛತಾ ಮಂತ್ರಿಯ ಕೈಗೆ ಪೊರಕೆ. ಆರೋಗ್ಯ ಮಂತ್ರಿ ಪ್ರಾರ್ಥನೆ ಹೊತ್ತಿಗೆ ಎಲ್ಲರ ಉಗುರು ನೋಡುತ್ತಾಳೆ. ಆಹಾರ ಮಂತ್ರಿ ಬಿಸಿಯೂಟದ ಸಾಲು ಸರಿಮಾಡುತ್ತಾನೆ. ಸಾಂಬಾರು ನೀರಾಗಿದೆ ಅನ್ನುವ ಅಧಿಕಾರ ಅವನಿಗಿಲ್ಲ. ಸಾಂಸ್ಕೃತಿಕ ಮಂತ್ರಿಗಿರಿ ಸಾಮಾನ್ಯವಾಗಿ ಹುಡುಗಿಯರಿಗೇ ಮೀಸಲು. ಅತಿಥಿಗಳು ಬಂದರೆ ಆರತಿ ತಟ್ಟೆ ಹಿಡಿಯಲು ಇನ್ಯಾರು?

ಜವಾನನ ಹುದ್ದೆ ಖಾಲಿ. ಸಂಪುಟ ಭರ್ತಿ.

ವಿರೋಧ ಪಕ್ಷದ ನಾಯಕನೂ ಇದ್ದಾನೆ. ಅವನನ್ನೂ ಮೇಷ್ಟ್ರೇ ನೇಮಿಸುತ್ತಾರೆ. ಅವನೂ ಚಪ್ಪಾಳೆ ತಟ್ಟುತ್ತಾನೆ.

ಖಾಸಗಿ ಶಾಲೆಗಳ ವೈಭವ ಬೇರೆ. ಅಲ್ಲಿ ಹೆಡ್ ಬಾಯ್, ಹೆಡ್ ಗರ್ಲ್, ಹೌಸ್ ಕ್ಯಾಪ್ಟನ್. ಇನ್ವೆಸ್ಟಿಚರ್ ಅನ್ನುವ ಪಟ್ಟಾಭಿಷೇಕ. ಹೆಗಲಿಗೆ ಸ್ಯಾಟಿನ್ ಪಟ್ಟಿ, ಎದೆಗೆ ಬ್ಯಾಡ್ಜು. ಪಟ್ಟಿಯ ದುಡ್ಡು ಅಪ್ಪ ಕಟ್ಟಬೇಕು. ಕಳೆದ ವರ್ಷ ಇಂಥದ್ದೊಂದನ್ನು ಕಣ್ಣಾರೆ ನೋಡಿದೆ. ಮುಖ್ಯ ಅತಿಥಿ ಇನ್‌ಸ್ಪೆಕ್ಟರ್ ಸಾಹೇಬರು ಬ್ಯಾಡ್ಜಿನ ಪಿನ್ನು ಹಿಡಿದರು. ಫೋಟೋಗ್ರಾಫರ್ ‘ಸ್ವಲ್ಪ ತಡೀರಿ ಸಾರ್’ ಅಂದ. ಸಾಹೇಬರು ಪಿನ್ನು ಹಿಡಿದುಕೊಂಡೇ ಕ್ಯಾಮೆರಾ ಕಡೆ ತಿರುಗಿದರು. ಪಿನ್ನು ಎಲ್ಲಿ ಚುಚ್ಚುತ್ತದೋ ಅಂತ ಹುಡುಗ ಉಸಿರು ಬಿಗಿಹಿಡಿದು ನಿಂತಿದ್ದ. ಅತಿಥಿಗಳು ಬಂದದ್ದೇ ಒಂದೂವರೆ ಗಂಟೆ ತಡ. ಬಿಸಿಲಿಗೆ ಆರನೇ ಕ್ಲಾಸಿನ ಮಗುವೊಂದು ತಲೆಸುತ್ತಿ ಬಿತ್ತು. ಆಯಾ ಬಂದು ಎತ್ತಿಕೊಂಡು ಹೋದರು. ಭಾಷಣ ನಿಲ್ಲಲಿಲ್ಲ. ವಿಷಯ: ಸಮಯಪಾಲನೆ.

ಮತದಾನವಂತೂ ಬಲು ಅಚ್ಚುಕಟ್ಟು. ಮೊಬೈಲಿನಲ್ಲಿ ಮತಯಂತ್ರದ ಆ್ಯಪ್, ಕುಯ್ಯೆನ್ನುವ ಸದ್ದು, ಬೆರಳಿಗೆ ಶಾಯಿ, ಮರುದಿನ ಪೇಪರಿನಲ್ಲಿ ಫೋಟೋ. ಯಾರು ನಿಲ್ಲಬೇಕು ಅನ್ನುವುದು ಮಾತ್ರ ಸ್ಟಾಫ್ ರೂಮಿನಲ್ಲಿ ಮೊದಲೇ ತೀರ್ಮಾನ. ಮಾರ್ಕ್ಸ್ ಇರಬೇಕು. ಎದುರು ಮಾತಾಡಬಾರದು. ವಾರ್ಷಿಕೋತ್ಸವಕ್ಕೆ ಅಪ್ಪ ಶಾಮಿಯಾನ ಹಾಕಿಸಿಕೊಟ್ಟಿದ್ದರೆ ಅದು ಹೆಚ್ಚುವರಿ ಅರ್ಹತೆ. ಪಾಪದ ಹುಡುಗನೊಬ್ಬ ಪೆಪ್ಪರಮಿಂಟು ಹಂಚಿದರೆ ಆಮಿಷ ಅಂತ ಕಿತ್ತುಕೊಳ್ಳುತ್ತಾರೆ.

ಗೆದ್ದವನ ಮೊದಲ ಕೆಲಸ? ಮೇಷ್ಟ್ರಿಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು. ಓಟು ಹಾಕಿದವರ ಹೆಸರನ್ನೇ.

ಇದೆಲ್ಲ ಮಕ್ಕಳಿಗೆ ಪ್ರಜಾಪ್ರಭುತ್ವ ಕಲಿಸಲಿಕ್ಕಂತೆ. ಕಲಿಸುವವರ ಜಾತಕ ನೋಡೋಣ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕರ್ನಾಟಕದಲ್ಲಿ ಕಾಲೇಜು ವಿದ್ಯಾರ್ಥಿ ಸಂಘಗಳ ಚುನಾವಣೆಗೆ ಬೀಗ ಬಿತ್ತು. ಗಲಾಟೆಯಾಗುತ್ತದಂತೆ. ಶಾಸಕನನ್ನು ಆರಿಸು, ಕಾಲೇಜು ಕಾರ್ಯದರ್ಶಿಯ ತಂಟೆಗೆ ಹೋಗಬೇಡ! ಹದಿನಾಲ್ಕರ ಬೆರಳಿಗೆ ಶಾಯಿ ಹಚ್ಚುವವರಿಗೆ ಹತ್ತೊಂಬತ್ತರವರನ್ನು ಕಂಡರೆ ನಡುಕ.

ಇನ್ನು ಬೆಂಗಳೂರು. 2015ರಲ್ಲಿ ಗೆದ್ದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2016ರಲ್ಲಿ ಆಯ್ಕೆಯಾದ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ದರ್ಬಾರು. ಒಮ್ಮೆ ಮೀಸಲಾತಿ ಪಟ್ಟಿ, ಒಮ್ಮೆ ಕ್ಷೇತ್ರ ವಿಂಗಡಣೆ, ಒಮ್ಮೆ ಕೋರ್ಟು. ನೀರಾವರಿ ಮಂತ್ರಿಯ ಚುನಾವಣೆಗೆ ಇಂಥ ಯಾವ ವಿಘ್ನವೂ ಇಲ್ಲ. ಅವನಿಂದ ಯಾರಿಗೂ ಅಪಾಯವಿಲ್ಲವಲ್ಲ.

ಮಕ್ಕಳಿಗೆ ಬಾಯಿ ಇಲ್ಲವೇ? ಇದೆ. 2021ರಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬೇಡ ಅಂತ ಕೆಲವು ಸ್ವಾಮಿಗಳು ಎದ್ದರು. ಮೊಟ್ಟೆ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಕ್ಯಾಮೆರಾ ಮುಂದೆ ಗದರಿದವಳು ಗಂಗಾವತಿಯ ಶಾಲಾ ಹುಡುಗಿ. ಅಷ್ಟು ಹೇಳಲು ಅವಳಿಗೆ ಸ್ಯಾಟಿನ್ ಪಟ್ಟಿ ಬೇಕಾಗಲಿಲ್ಲ.

ಒಂಬತ್ತನೇ ಕ್ಲಾಸಿನ ನಮ್ಮ ಅಕ್ಕನ ಮಗಳಿಗೂ ಈಗ ನಿಲ್ಲಬೇಕೋ ಬೇಡವೋ ಅನ್ನುವ ಗೊಂದಲ. ಅವಳಮ್ಮ ‘ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಅದೆಲ್ಲ ಬೇಡ’ ಅಂದಳು. ಅಪ್ಪ ‘ಸರ್ಟಿಫಿಕೇಟ್ ಕೊಡ್ತಾರಾ?’ ಅಂತ ವಿಚಾರಿಸಿದರು. ನಾನು ನಿಲ್ಲು ಅಂದೆ. ಗೆದ್ದ ಮರುದಿನವೇ ಹೋಗಿ ಕೇಳು, ಹುಡುಗಿಯರ ಶೌಚಾಲಯಕ್ಕೆ ಚಿಲಕ ಯಾವಾಗ ಹಾಕಿಸ್ತೀರಿ ಅಂತ.

ಮುಂದಿನದು ನನಗೂ ಗೊತ್ತು, ನಿಮಗೂ ಗೊತ್ತು. ಸಂಜೆಯೊಳಗೆ ಡೈರಿಯಲ್ಲಿ ಕೆಂಪು ಶಾಯಿ: ನಾಳೆ ತಂದೆಯನ್ನು ಕರೆತರುವುದು. ತಂದೆ ಹೋಗುತ್ತಾರೆ. ಕಾರ್ಪೊರೇಟರೇ ಇಲ್ಲದ ವಾರ್ಡಿನಲ್ಲಿ ತುಂಬಿದ ಮೋರಿ ದಾಟಿಕೊಂಡು, ಯಾರನ್ನೂ ಏನನ್ನೂ ಕೇಳದೆ ಬದುಕಿದವರು. ‘ತಪ್ಪಾಯ್ತು ಮೇಡಂ, ಇನ್ನು ಕೇಳಲ್ಲ’ ಅಂತ ಮಗಳ ಪರವಾಗಿ ಅವರೇ ಬರೆದುಕೊಟ್ಟು ಬರುತ್ತಾರೆ.