ಮೀನು ಯಾಕಿಲ್ಲ?

ಮಂಗಳೂರಿನ ಹಳೆ ಬಂದರಿನಿಂದ ಬೆಂಗ್ರೆಗೆ ಹೋಗುವ ಫೆರಿಯಲ್ಲಿ ಈ ಅಣ್ಣ ನಿಮಗೂ ಸಿಕ್ಕಿರುತ್ತಾರೆ. ಇತ್ತ ಫಲ್ಗುಣಿ ನದಿ, ಅತ್ತ ಕಡಲು, ನಡುವೆ ಮರಳಿನ ಪಟ್ಟಿಯಂಥ ಊರು. ಅಲ್ಲಿ ಮಾತೆಂದರೆ ಮೀನು, ಇಲ್ಲವೇ ಫುಟ್ಬಾಲು. "ಬೂತಾಯಿ ಯಾಕೆ ಮೊದಲಿನ ಹಾಗೆ ಇಲ್ಲ?" ಎಂದು ಕೇಳಿ ನೋಡಿ. ಉತ್ತರ ತಯಾರಿದೆ. ಯಾವ ಉತ್ತರ ಎನ್ನುವುದು ಮಾತ್ರ ಅಣ್ಣ ಈ ವರ್ಷ ಯಾವ ಬೋಟಿನಲ್ಲಿದ್ದಾರೆ ಎನ್ನುವುದರ ಮೇಲಿದೆ.

ನಾಡದೋಣಿಯಲ್ಲಿದ್ದಾಗ ತಪ್ಪೆಲ್ಲ ಪರ್ಸೀನ್ ಬೋಟಿನದು. ಎಪ್ಪತ್ತರ ದಶಕದಲ್ಲಿ ಅದು ಬಂದು ಅಪ್ಪನ ರಂಪಣಿ ಬಲೆಯನ್ನು ಮೂಲೆಗೆ ಹಾಕಿತ್ತಲ್ಲ! ಜೂನ್, ಜುಲೈಯ 61 ದಿನಗಳ ನಿಷೇಧ ಏನೇನೂ ಸಾಲದು, ಇನ್ನೊಂದು ತಿಂಗಳು ಬೇಕಿತ್ತು. ಆಮೇಲೆ ಅಣ್ಣ ಪರ್ಸೀನಿಗೇ ಕಲಾಸಿಯಾಗಿ ಹೋದರು. "ನಾವು ಮೇಲೆ ತೇಲುವ ಮೀನು ಮಾತ್ರ ಹಿಡಿಯುವುದು ಮಾರಾಯ್ರೆ, ತಳ ಕೆರೆಯುವುದು ಟ್ರಾಲ್ ಬೋಟು." ಮುಂದಿನ ಸೀಸನ್‌ಗೆ ಟ್ರಾಲ್ ಬೋಟಿನಲ್ಲೇ ಕೆಲಸ. "ತಳ ಕೆರೆದರೆ ಗದ್ದೆ ಉತ್ತ ಹಾಗೆ, ಮೀನಿಗೆ ಒಳ್ಳೆಯದೇ. ಹಾಳು ಮಾಡಿದ್ದು ಲೈಟ್ ಫಿಶಿಂಗ್." ಕೇಂದ್ರ ಸರಕಾರ 2017ರಲ್ಲಿ ಅದನ್ನು ನಿಷೇಧಿಸಿದ್ದು ಅವರಿಗೆ ಬಾಯಿಪಾಠ. ಟ್ರಾಲ್ ಬಲೆಯ ಕಣ್ಣು ಎಷ್ಟಿರಬೇಕು ಎಂದು ಕೇಳಿದರೆ ಮಾತ್ರ ಕಡಲಿನ ಕಡೆ ನೋಡುತ್ತಾರೆ. ನಿಷೇಧದ 61 ದಿನ ಈಗ ಹೊಟ್ಟೆಗೆ ಹೊಡೆಯುವ ಕಾನೂನು.

ಅಣ್ಣ ಸುಳ್ಳುಗಾರರಲ್ಲ. ಹೊರಿಸಿದ ಒಂದೊಂದು ದೂರಿನಲ್ಲೂ ಹುರುಳಿದೆ. ಅದು ಯಾವತ್ತೂ ಪಕ್ಕದ ಬೋಟಿಗೆ ಅನ್ವಯಿಸುತ್ತದೆ, ಅಷ್ಟೆ. ಬೋಟು ಹತ್ತಿದವನಿಗೆ ಪಾಲಿನ ಜೊತೆ ವಾದವೂ ಸಿಗುತ್ತದೆ. ಸಂಜೆ ಮರಳಿನ ಮೇಲೆ ಬಲೆ ಹರಡಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು, ಹರಿದ ಕಣ್ಣಿಗೆ ನೂಲು ಹಾಕುತ್ತಾ ಎಂಟು ಹತ್ತು ಜನ ಒಂದೇ ಮಾತಾಡುತ್ತಿರುತ್ತಾರೆ. ನಡುವೆ ಒಬ್ಬ ಹುಡುಗ "ಮರಿಮೀನು ನಾವೂ ಹಿಡಿಯುತ್ತೇವಲ್ಲ?" ಎಂದ. ಯಾರೂ ಇಲ್ಲ ಅನ್ನಲಿಲ್ಲ. "ನೀನು ಯಾರ ಕಡೆ?" ಎಂದು ಕೇಳಿದರು. ಹುಡುಗ ನೂಲು ಹುಡುಕತೊಡಗಿದ. (ಪೇಟೆಯ ನಮ್ಮ ಸಂಘ, ಪಕ್ಷ, ಮಠಗಳಲ್ಲೂ ಹೀಗೆಯೇ, ನೂಲು ಕಾಣಿಸುವುದಿಲ್ಲ.)

ಬೂತಾಯಿ ಕಡಿಮೆಯಾದದ್ದರಲ್ಲಿ ಎಲ್ ನಿನೋದ ಪಾಲೂ ಇದೆ ಎನ್ನುತ್ತಾರೆ ವಿಜ್ಞಾನಿಗಳು ಎಂದೆ. ಅಣ್ಣ ಹುಬ್ಬು ಗಂಟಿಕ್ಕಿದರು. "ಅದು ಮಲ್ಪೆಯ ಬೋಟಾ?"

ಮೊನ್ನೆ ಸಿಕ್ಕಾಗ ಬಹಳ ಖುಷಿಯಲ್ಲಿದ್ದರು. ಮಗನಿಗೆ ಉಳ್ಳಾಲದ ಕಡೆ, ಮರಿಮೀನನ್ನೂ ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಯಲ್ಲಿ ಕೆಲಸವಾಗಿದೆಯಂತೆ. "ಮರಿಮೀನು ನಾವು ಹಿಡಿಯದಿದ್ದರೆ ದೊಡ್ಡ ಮೀನು ತಿನ್ನುವುದೇ ಅಲ್ವಾ ಮಾರಾಯ್ರೆ?"