ಗಿರಿದ್ವಿಚಕ್ರಮೀಮಾಂಸೆ

ಪೀಠಿಕೆ

ಇಪ್ಪತ್ತು ವರ್ಷಗಳ ಕಾಲ ವಿಚಾರಸಂಕಿರಣಗಳ ಹಿಂದಿನ ಸಾಲಿನಲ್ಲಿ ಕುಳಿತು, ‘ಪರಿಪ್ರೇಕ್ಷ್ಯ’, ‘ಬಹುಮುಖೀ ಆಯಾಮ’, ‘ಒಂದು ತೌಲನಿಕ ಅವಲೋಕನ’ ಮುಂತಾದ ಶಬ್ದಗಳ ಜಡಿಮಳೆಯನ್ನು ಕೊಡೆಯಿಲ್ಲದೆ ಸಹಿಸಿದ ಅಧ್ಯಾಪಕನೊಬ್ಬನು, ಇನ್ನಾದರೂ ಬಯಲಿನಲ್ಲಿ ನಾಲ್ಕು ಉಸಿರು ಗಾಳಿ ಕುಡಿಯೋಣವೆಂದು ಸಾಲ ಮಾಡಿ ಒಂದು ಮೌಂಟನ್ ಬೈಕನ್ನು ಕೊಂಡು, ಭಾನುವಾರದ ಬೆಳಗಿನ ಜಾವಗಳಲ್ಲಿ ಯಲಹಂಕದ ಆಚೆಯ ಅವಲಹಳ್ಳಿ ಕಾಡಿಗೂ ಆಗಾಗ ನಂದಿಯ ತಪ್ಪಲಿಗೂ ಹೋಗಿಬರುವ ಎಂಟು ಮಂದಿ ಮಿತ್ರರಲ್ಲಿ ಒಬ್ಬನಾದ ಮೇಲೆ, ಅಲ್ಲಿಯೂ ಅದೇ ಮಳೆ ಬೇರೊಂದು ಮೋಡದಿಂದ ಸುರಿಯತೊಡಗಿತೆಂದರೆ, ಅದನ್ನು ವಿಧಿಯ ಪರಿಹಾಸವೆನ್ನದೆ ಇನ್ನೇನೆನ್ನಬೇಕು? ಕಳೆದ ಮಾಘಮಾಸದ ಒಂದು ಭಾನುವಾರ, ದರ್ಶಿನಿಯೊಂದರ ನಿಂತುಣ್ಣುವ ಮೇಜಿನ ಸುತ್ತ ನಾವೆಲ್ಲ ಹಸಿದು ನಿಂತಿರುವಾಗ, ನಮ್ಮವನೊಬ್ಬನು ಮುಂಗಾಲಿಯ ಫೋರ್ಕಿನ ಓರೆಯು 66 ಡಿಗ್ರಿ ಇರತಕ್ಕದ್ದೋ ಅಥವಾ 65.5 ಇರತಕ್ಕದ್ದೋ ಎಂಬ ವಿಷಯವನ್ನು, ಚಟ್ನಿಯಲ್ಲಿ ಬೆರಳದ್ದಿ ಮೇಜಿನ ಮೇಲೆ ಗೆರೆಯೆಳೆಯುತ್ತ, ನಲವತ್ತು ನಿಮಿಷ ಪ್ರತಿಪಾದಿಸಿದನು. ಇಡ್ಲಿ ಆರಿತು, ಕಾಫಿ ಕೆನೆಗಟ್ಟಿತು, ಮೇಜು ಒರೆಸಲು ಬಂದ ಹುಡುಗನು ಅರ್ಧ ಡಿಗ್ರಿಯನ್ನು ಒದ್ದೆ ಬಟ್ಟೆಯಿಂದ ಅಳಿಸಿ ಮುಂದಕ್ಕೆ ಹೋದನು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯತಕ್ಕದ್ದೆಂಬ ಹಿರಿಯರ ಮಾತನ್ನು ಆಗ ಸ್ಮರಿಸಿ, ನಾನು ಈ ಶಾಸ್ತ್ರರಚನೆಗೆ ಕೈಹಾಕಿದೆನು.

ಪ್ರಥಮಾಧಿಕರಣ: ಲಕ್ಷಣವಿಚಾರ

‘ಗಿರಿಯ ಮೇಲೆ ಚಲಿಸತಕ್ಕ ದ್ವಿಚಕ್ರವೇ ಗಿರಿದ್ವಿಚಕ್ರ’ ಎಂಬುದು ಪೂರ್ವಪಕ್ಷ. ಲಕ್ಷಣವೊಂದಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂಬ ಮೂರು ದೋಷಗಳು ಉಂಟಾಗಬಹುದೆಂದು ನಮ್ಮ ನೈಯಾಯಿಕರು ಹೇಳಿರುವರಷ್ಟೆ. ಈ ಲಕ್ಷಣದಲ್ಲಿ ಆ ಮೂರೂ ಒಂದೇ ಮನೆಯಲ್ಲಿ ಬಾಡಿಗೆಗಿರುವ ಅಣ್ಣತಮ್ಮಂದಿರಂತೆ ಅನ್ಯೋನ್ಯವಾಗಿವೆ. ಬೆಂಗಳೂರಿನ ಗಿರಿದ್ವಿಚಕ್ರಗಳಲ್ಲಿ ಬಹುಭಾಗವು ಹನ್ನೊಂದನೆಯ ಅಂತಸ್ತಿನ ಬಾಲ್ಕನಿಯಲ್ಲಿ ಮಕ್ಕಳ ಸಮವಸ್ತ್ರವನ್ನು ಒಣಹಾಕುವ ಕಾರ್ಯದಲ್ಲಿ ನಿರತವಾಗಿದ್ದು ಗಿರಿಯನ್ನು ಕಣ್ಣಿನಿಂದಲೂ ಕಂಡಿಲ್ಲವಾದುದರಿಂದ ಅವ್ಯಾಪ್ತಿ. ನಂದಿಯ ತಪ್ಪಲಿನಲ್ಲಿ ಎರಡು ಹಾಲಿನ ಕ್ಯಾನುಗಳನ್ನು ನೇತುಹಾಕಿಕೊಂಡು ದಿನಬೆಳಗಾದರೆ ದಿಣ್ಣೆಯೇರುವ ಸಾಮಾನ್ಯ ಸೈಕಲ್ಲಿಗೂ ಈ ಲಕ್ಷಣವು ಹೊಂದಿಬಿಡುವುದರಿಂದ ಅತಿವ್ಯಾಪ್ತಿ. ಇನ್ನು ನಮ್ಮ ಗುಂಪಿನ ಅನುಭವದಂತೆ, ಬೆಟ್ಟದ ಬುಡದವರೆಗೆ ಸೈಕಲ್ಲನ್ನು ಕಾರು ಹೊರುತ್ತದೆ, ಕಡಿದಾದ ಏರಿನಲ್ಲಿ ಸವಾರನು ಹೊರುತ್ತಾನೆ, ಇಳಿತದಲ್ಲಿ ಇಬ್ಬರೂ ಲಂಟಾನದ ಪೊದೆಯಲ್ಲಿ ಬಿದ್ದಿರುತ್ತಾರೆ. ಗಿರಿಯ ಮೇಲೆ ಚಲಿಸುವ ಪ್ರಸಂಗವೇ ಒದಗದಿರುವುದರಿಂದ ಅಸಂಭವ.

ಆದುದರಿಂದ ಸಿದ್ಧಾಂತಲಕ್ಷಣವು ಹೀಗೆ: ಯಾವ ಸೈಕಲ್ಲಿನ ವಿಷಯವಾಗಿ ಮಾತನಾಡುವ ಕಾಲವು ಅದರ ಮೇಲೆ ಕುಳಿತಿರುವ ಕಾಲಕ್ಕಿಂತ ಅಧಿಕವಾಗಿರುವುದೋ, ಅದೇ ಗಿರಿದ್ವಿಚಕ್ರ.

ದ್ವಿತೀಯಾಧಿಕರಣ: ಉತ್ಪತ್ತಿವಿಚಾರ

ಈ ವಾಹನದ ಜನ್ಮಸ್ಥಾನ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿ. 1930–40ರ ದಶಕಗಳಲ್ಲಿ ತಯಾರಾಗಿ, ಗುಜರಿಗೆ ಬಿದ್ದಿದ್ದ ದಪ್ಪ ಟೈರಿನ ಭಾರವಾದ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ಟ್ರಕ್ಕಿನಲ್ಲಿ ಹೇರಿ ಬೆಟ್ಟಕ್ಕೆ ಒಯ್ದು, ಅಲ್ಲಿಂದ ಮಣ್ಣುದಾರಿಯಲ್ಲಿ ಪ್ರಾಣದ ಹಂಗು ತೊರೆದು ಇಳಿಯುವ ಹುಡುಗಾಟಕ್ಕೆ, 1976ರ ಅಕ್ಟೋಬರ್ 21ರಂದು ಚಾರ್ಲಿ ಕೆಲ್ಲಿ ಎಂಬಾತನು ಗಡಿಯಾರ ಹಿಡಿದು ಪಂದ್ಯದ ರೂಪವನ್ನು ಕೊಟ್ಟನು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಕಾಲದ ಬ್ರೇಕು, ಇಳಿತದ ಕೊನೆಯನ್ನು ಮುಟ್ಟುವುದರೊಳಗೆ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿದ್ದುದರಿಂದ, ಪ್ರತಿಸಲವೂ ಹಬ್ಬನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು; ಹೀಗೆ ಮರಳಿ ತುಂಬುವುದರಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ನಾಮಧೇಯವಾಯಿತು. ಬೆಟ್ಟದಲ್ಲಿ ಹೊಗೆ ಕಂಡೊಡನೆ ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಆ ಪಾಠವು ಒಂದು ಸೈಕಲ್ಲಿನ ಹಬ್ಬಿನಿಂದ ಮುರಿದುಬಿದ್ದುದು ನ್ಯಾಯದರ್ಶನದ ಚರಿತ್ರೆಯಲ್ಲಿ ದಾಖಲಾಗಬೇಕಾದ ಘಟನೆ.

ಗ್ಯಾರಿ ಫಿಷರ್ ಎಂಬಾತನು ಅಲ್ಲಿ 4 ನಿಮಿಷ 22 ಸೆಕೆಂಡುಗಳ ದಾಖಲೆಯನ್ನು ಸ್ಥಾಪಿಸಿದನು. ಜೋ ಬ್ರೀಜ್ ಎಂಬಾತನು 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟತೊಡಗಿದನು. ಗುಜರಿಯ ಸೈಕಲ್ಲಿನ ಈ ಸಂತಾನವು ಇಪ್ಪತ್ತೇ ವರ್ಷಗಳಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿನ ಅಂಗಳವನ್ನು ಹೊಕ್ಕಿತು. ಈ ಇತಿವೃತ್ತದಲ್ಲಿ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ರೀಪ್ಯಾಕಿನಲ್ಲಿ ಸವಾರರನ್ನು ಎರಡೆರಡು ನಿಮಿಷಗಳ ಅಂತರದಲ್ಲಿ ಒಬ್ಬೊಬ್ಬರನ್ನಾಗಿ ಬಿಡುತ್ತಿದ್ದರು. ನಿಧಾನವಾದವನು ಮೊದಲು, ಶೀಘ್ರಗಾಮಿಯು ಕಡೆಗೆ.

ತೃತೀಯಾಧಿಕರಣ: ಚಕ್ರಪ್ರಮಾಣ

ಚಕ್ರವು 26 ಅಂಗುಲದ್ದೋ, 27.5ರದ್ದೋ, 29ರದ್ದೋ ಎಂಬ ಮತತ್ರಯವು ನಮ್ಮ ಗುಂಪಿನಲ್ಲಿ ದ್ವೈತಾದ್ವೈತಗಳಿಗಿಂತ ಹೆಚ್ಚಿನ ಕಲಹಕ್ಕೆ ಕಾರಣವಾಗಿದೆ. ಟೈರು ಕೂರುವ ಅಂಚಿನ ವ್ಯಾಸವನ್ನು ಅಳೆದರೆ ಇವು ಕ್ರಮವಾಗಿ 559, 584, 622 ಮಿಲಿಮೀಟರು. 29ರವರು ತಮ್ಮನ್ನು ಚಕ್ರವರ್ತಿಗಳೆಂದೇ ಭಾವಿಸುವರು. ಆದರೆ ಹಾಲಿನವನ 28 ಅಂಗುಲದ ಹಳೆಯ ಸೈಕಲ್ಲಿನ ಅಂಚನ್ನು ಅಳೆದಾಗ ದೊರೆಯುವ ಪ್ರಮಾಣ 635! ಇಪ್ಪತ್ತೊಂಬತ್ತಕ್ಕಿಂತ ಇಪ್ಪತ್ತೆಂಟೇ ದೊಡ್ಡದೆಂಬ ಈ ಗಣಿತವನ್ನು ನಾನು ಮಂಡಿಸಿದಾಗ, ‘ನಮ್ಮ ಟೈರು ದಪ್ಪ, ಒಟ್ಟು ಎತ್ತರದಲ್ಲಿ ನಾವೇ ಮೇಲು’ ಎಂದು ಪ್ರತಿವಾದಿಗಳು ಹೇಳಿದರು. ಹಾಗಾದರೆ ಹಿರಿಮೆಯು ಮೂಳೆಯದಲ್ಲ, ಬೊಜ್ಜಿನದು ಎಂದಾಯಿತು. ನನ್ನ ವಯಸ್ಸಿನವರಿಗೆ ಈ ಸಿದ್ಧಾಂತವು ಅಪ್ರಿಯವೇನೂ ಅಲ್ಲ.

ಆ ಹಾಲಿನವನೇ ಒಮ್ಮೆ ನಮ್ಮನ್ನು ತಡೆದು, ಎರಡು ಲಕ್ಷದ ಸೈಕಲ್ಲೊಂದನ್ನು ಸುತ್ತಿ ಸುತ್ತಿ ನೋಡಿ, ‘ಎಷ್ಟಾಯ್ತು ಸ್ವಾಮಿ ಇದು?’ ಎಂದನು. ನಮ್ಮ ಮಿತ್ರನು ಸಂಕೋಚದಿಂದ ‘ಇಪ್ಪತ್ತು ಸಾವಿರ’ ಎಂದು ಸುಳ್ಳಾಡಿದನು. ಅವನು ನಿಜವಾದ ಅನುಕಂಪದಿಂದ ತಲೆಯಾಡಿಸಿ, ‘ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡೂ ಇಲ್ಲ... ಮೋಸ ಮಾಡವ್ರೆ ಬುಡಿ’ ಎಂದು ಹೇಳಿ ಪೆಡಲು ತುಳಿದನು. ಚಕ್ರಪ್ರಮಾಣವನ್ನು ಕುರಿತು ಇದಕ್ಕಿಂತ ಸಮಗ್ರವಾದ ಭಾಷ್ಯವು ಇನ್ನೂ ಬಂದಿಲ್ಲ.

ಚತುರ್ಥಾಧಿಕರಣ: ಅಧಿಕಾರಿಭೇದ

ಸವಾರರು ನವವಿಧ. ಮೊದಲನೆಯವನು ಗ್ರಾಂಲೆಕ್ಕಿಗ, ಇವನನ್ನು ಕಂದಾಯ ಇಲಾಖೆಯ ಗ್ರಾಮಲೆಕ್ಕಿಗನೆಂದು ತಿಳಿಯತಕ್ಕದ್ದಲ್ಲ. ನೂರು ಗ್ರಾಂ ಉಳಿಸಲೆಂದು ಕಾರ್ಬನ್ ಹ್ಯಾಂಡಲನ್ನು ಹಾಕಿಸಿ, ಬೆನ್ನಿನ ಚೀಲದಲ್ಲಿ ಅತ್ತೆಯ ಮನೆಯ ಅರ್ಧ ಕಿಲೋ ಕೋಡುಬಳೆಯನ್ನು ಹೊತ್ತು ತರುವವನು. ಎರಡನೆಯವನು ಆರೋಹಣಾಭಿಮಾನಿ, ನಂದಿಯ 1,478 ಮೀಟರನ್ನೂ ತಾನೇ ಏರಿದೆನೆಂದು ಸಾರುವನು, ಅದರಲ್ಲಿ 900 ಮೀಟರಿನಷ್ಟನ್ನು ಬೆಂಗಳೂರೇ ಹೊತ್ತುಕೊಟ್ಟಿದೆಯೆಂಬುದನ್ನು ಹೇಳನು. ಮೂರನೆಯವನು ಛಾಯಾಗ್ರಾಹಿ, ಬಿದ್ದವನನ್ನು ಎಬ್ಬಿಸುವ ಮೊದಲು ಬೆಳಕು ಯಾವ ಕಡೆಯಿಂದ ಬೀಳುತ್ತಿದೆಯೆಂದು ನೋಡುವವನು. ನಾಲ್ಕನೆಯವನು ಭಾಷ್ಯಕಾರ, ಚಟ್ನಿಯ ಪ್ರಸಂಗದಲ್ಲಿ ಆಗಲೇ ಪರಿಚಿತನು. ಐದನೆಯವನಿಂದ ಎಂಟನೆಯವನವರೆಗಿನವರು ಬೇರೆ ಬೇರೆ ಭಾನುವಾರಗಳಂದು ನಾನೇ ಆಗಿರುವುದರಿಂದಲೂ, ಈ ವಿಭಾಗಕ್ರಮವು ನನಗೇ ಬೇಸರ ತರುತ್ತಿರುವುದರಿಂದಲೂ, ಅವರನ್ನು ಬಿಟ್ಟು ಒಂಬತ್ತನೆಯವನಿಗೆ ಬರುತ್ತೇನೆ.

ಒಂಬತ್ತನೆಯವನು ಅಂತ್ಯಾರೋಹಿ, ಎಂದರೆ ಕಡೆಯಲ್ಲಿ ಬರುವವನು. ನಮ್ಮ ಗುಂಪಿನ ಅಂತ್ಯಾರೋಹಿಯು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಏರಿನ ಬುಡದಲ್ಲಿ ಪ್ರತಿವಾರವೂ ತಪ್ಪದೆ, ‘ನೀವು ಹೋಗ್ತಿರಿ ಮೇಷ್ಟ್ರೆ, ನಾನು ಬರ್ತೀನಿ’ ಎನ್ನುವನು, ತಪ್ಪದೆ ಬರುವನು. ಅವನ ಚೀಲದಲ್ಲಿ ಒಂದು ತಗಡಿನ ಡಬ್ಬಿ. ಅದರಲ್ಲಿ ಸಲ್ಯೂಷನ್ ಟ್ಯೂಬು, ಪ್ಯಾಚಿನ ತುಂಡುಗಳು, ಉಪ್ಪುಕಾಗದ, ಹಳೆಯ ಪಂಚೆಯ ಒಂದು ಚೂರು. ಯಾರಿಗೆ ಪಂಕ್ಚರಾದರೂ ಕಾಡಿನ ನಡುವೆ ಕುಕ್ಕರಗಾಲಿನಲ್ಲಿ ಕುಳಿತು, ಪಂಚೆಯ ಚೂರನ್ನು ಟೈರಿನ ಒಳಮೈಯಲ್ಲಿ ಸವರುತ್ತ ಬರುವನು. ಬಟ್ಟೆ ಎಲ್ಲಿ ತೊಡರುವುದೋ ಅಲ್ಲಿ ಜಾಲಿಮುಳ್ಳು. ನೀರಿಲ್ಲದೆಡೆಯಲ್ಲಿ ಟ್ಯೂಬನ್ನು ಊದಿ ಕೆಳತುಟಿಯ ಹತ್ತಿರ ಹಿಡಿದು ಮೆಲ್ಲನೆ ತಿರುಗಿಸುವನು. ಕಣ್ಣಿಗೆ ಕಾಣದ, ಕಿವಿಗೆ ಕೇಳಿಸದ ತೂತನ್ನು ಆ ತುಟಿಯು ಕಂಡುಹಿಡಿಯುವುದು. ನಮ್ಮಲ್ಲಿ ಯಾರಿಗೂ ಆ ವಿದ್ಯೆ ಬಾರದು.

ಪಂಚಮಾಧಿಕರಣ: ಕಾಲವಿಚಾರ

ಹ್ಯಾಂಡಲಿನ ಮೇಲೆ ಕೂರುವ ಅಂಗೈಯಗಲದ ಯಂತ್ರವೊಂದರ ಮತದಲ್ಲಿ ಕಾಲವು ದ್ವಿವಿಧ: ಚಕ್ರವು ತಿರುಗುತ್ತಿರುವಷ್ಟು ಹೊತ್ತು ಚಲಿತಕಾಲ, ಹೊರಟಾಗಿನಿಂದ ಮುಗಿಯುವವರೆಗೆ ಕಳೆದದ್ದೆಲ್ಲವೂ ಗತಕಾಲ. ಸವಾರನು ನಿಂತೊಡನೆ ಯಂತ್ರವು ತಾನೇ ಲೆಕ್ಕವನ್ನು ನಿಲ್ಲಿಸುವುದು. ಕಾಡಿನ ಕವಲುದಾರಿಯಲ್ಲಿ ಒಂದು ಆಲದ ಮರವಿದೆ. ಮೊದಲು ನಾವೆಲ್ಲರೂ ಅಲ್ಲಿ ಸೈಕಲ್ಲುಗಳನ್ನು ಬೇರಿಗೊರಗಿಸಿ, ಕಡಲೆಕಾಯಿ ಬಿಡಿಸುತ್ತ, ಮನೆಯ, ಕಚೇರಿಯ, ಮಕ್ಕಳ ಮದುವೆಯ ಮಾತನಾಡುತ್ತ, ಕಡೆಯವನು ಬರುವವರೆಗೆ ಕಾಯುತ್ತಿದ್ದೆವು. ಯಂತ್ರವು ಬಂದ ಮೇಲೆ ಆ ಇಪ್ಪತ್ತು ನಿಮಿಷಗಳು ಲೆಕ್ಕಕ್ಕಿಲ್ಲದೆ ಹೋದುವು. ಸರಾಸರಿ ವೇಗಕ್ಕೆ ಧಕ್ಕೆಯಿಲ್ಲವೆಂದು ಎಲ್ಲರೂ ಸಂತೋಷಪಟ್ಟರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮನು ಆ ಏರಿನಿಂದ ಮರದಾಚೆಯ ಇಳಿತದವರೆಗಿನ ದಾರಿಯನ್ನು ಒಂದು ಅಳತೆಯ ತುಂಡೆಂದು ಗುರುತಿಸಿ, ಅದನ್ನು ಯಾರು ಬೇಗ ದಾಟುವರೋ ಅವರಿಗೆ ಕಿರೀಟವೆಂದು ಸಾರಿದನು. ತುಂಡಿನೊಳಗೆ ಚಲಿತಕಾಲದ ರಿಯಾಯಿತಿಯಿಲ್ಲ, ಅಲ್ಲಿ ಗತಕಾಲವೇ ಪ್ರಮಾಣ. ಹೀಗೆ, ಕಾಯುವುದನ್ನು ಮೊದಲು ಇಲ್ಲವೆಂದು ಮಾಡಿದ ಶಾಸ್ತ್ರವೇ ಆಮೇಲೆ ಅದನ್ನು ಅಪರಾಧವೆಂದು ಮಾಡಿತು. ಮರವು ಅಲ್ಲಿಯೇ ಇದೆ. ಅದರ ಬುಡದಲ್ಲಿ ಕಡಲೆಸಿಪ್ಪೆ ಬಿದ್ದು ಎರಡು ವರ್ಷವಾಯಿತು.

ಷಷ್ಠಾಧಿಕರಣ

ಇದಕ್ಕೆ ಶೀರ್ಷಿಕೆ ತೋಚಲಿಲ್ಲ.

ಹೋದ ವರ್ಷ ಊರಹೊರಗಿನ ಒಂದು ನೀಲಗಿರಿ ತೋಪಿನಲ್ಲಿ ಐದು ಸುತ್ತಿನ ಪಂದ್ಯವೊಂದು ನಡೆಯಿತು. ಎಂಟೂ ಜನ ಶುಲ್ಕ ಕಟ್ಟಿ ಎದೆಯ ಮೇಲೆ ಅಂಕಿಯನ್ನು ಚುಚ್ಚಿಸಿಕೊಂಡೆವು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದು ನಿಯಮವುಂಟು: ಮುಂದಾಳುವಿನ ಮೊದಲ ಸುತ್ತಿನ ವೇಳೆಗಿಂತ ಯಾರು 80 ಪ್ರತಿಶತ ನಿಧಾನವಾಗುವನೋ ಅವನನ್ನು ದಾರಿಯಿಂದ ಇಳಿಸಿಬಿಡತಕ್ಕದ್ದು. ಒಲಿಂಪಿಕ್ಸಿಗೆ ಹೋಗುವ ಇಪ್ಪತ್ತೈದರ ತರುಣರಿಗೆ ಅದು ಸಲ್ಲುವ ನಿಯಮವಿರಬಹುದು. ನಲವತ್ತು ದಾಟಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಹೆಂಡತಿಗೆ ಒಂಬತ್ತಕ್ಕೆ ಬರುತ್ತೇನೆಂದು ಹೇಳಿ ಬಂದ ಗುಮಾಸ್ತರಿಗೆ ಅದನ್ನು ಯಾವ ಮಹಾನುಭಾವನು ತಂದು ಹೊದಿಸಿದನೋ ಅರಿಯೆ. ಎರಡನೆಯ ಸುತ್ತಿನಲ್ಲಿ ಯಾರೋ ಪರಿಚಯವಿಲ್ಲದ ಹುಡುಗನೊಬ್ಬನು ಟೈರು ಬಿಚ್ಚಿಕೊಂಡು ಅಳುಮೋರೆಯಲ್ಲಿ ಕುಳಿತಿದ್ದನು. ನಮ್ಮ ಅಂತ್ಯಾರೋಹಿಯು ಇಳಿದು, ಡಬ್ಬಿ ತೆಗೆದು, ಟ್ಯೂಬನ್ನು ತುಟಿಗೆ ಹಿಡಿದನು. ಅವನು ಪ್ಯಾಚು ಹಾಕಿ ಮುಗಿಸಿ ಸುತ್ತಿನ ಗೆರೆಗೆ ಬರುವಷ್ಟರಲ್ಲಿ, ಸೀಟಿಯವನು ಹಗ್ಗ ಅಡ್ಡ ಹಿಡಿದು, ಎದೆಯ ಅಂಕಿಯನ್ನು ಕಿತ್ತುಕೊಂಡನು. ಮೈಕಿನವನು ಆ ಅಂಕಿಯನ್ನು ಎರಡು ಸಲ ಕೂಗಿ ‘ಔಟ್’ ಎಂದನು. ಜನ ನಕ್ಕರು.

ಇಲ್ಲಿ ಸಂಘಟಕರನ್ನು ಮನಸಾರೆ ಬೈದು ಅಧಿಕರಣವನ್ನು ಮುಗಿಸಬೇಕೆಂದಿದ್ದೆನು. ಬೈಗುಳಗಳನ್ನು ತತ್ಸಮದಲ್ಲಿಯೂ ದೇಶ್ಯದಲ್ಲಿಯೂ ಪ್ರತ್ಯೇಕವಾಗಿ ಜೋಡಿಸಿಟ್ಟುಕೊಂಡಿದ್ದೆನು. ಆದರೆ ಅವನು ಆ ಹುಡುಗನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾಗ ಅವನ ಪಕ್ಕದಿಂದಲೇ ನಾವು ಏಳು ಮಂದಿಯೂ ಒಬ್ಬರ ಹಿಂದೊಬ್ಬರು ಹಾದುಹೋದೆವು. ‘ಬೇಗ ಬಾರೋ’ ಎಂದು ಒಬ್ಬನು ಕೂಗಿದನು. ಅವನು ಟ್ಯೂಬಿನಿಂದ ತುಟಿ ತೆಗೆಯದೆ, ಕೈಯೆತ್ತಿ, ನೀವು ಹೋಗ್ತಿರಿ ಎಂಬಂತೆ ಬೀಸಿದನು. ನಾನು ಹೋದೆನು. ಮೂವತ್ತೊಂದು ಮಂದಿಯಲ್ಲಿ ಇಪ್ಪತ್ತಮೂರನೆಯವನಾದೆನು. ಹಿಂದೆ ಹೇಳಿದ ಶಾಸ್ತ್ರವನ್ನೆಲ್ಲ ಕಟ್ಟಿದವರು ನಾವೇ. ಸೀಟಿಯವನು ಅದಕ್ಕೆ ಹಗ್ಗವನ್ನಷ್ಟೆ ಒದಗಿಸಿದನು.

ಆಮೇಲೆ ಅವನು ಭಾನುವಾರಗಳಂದು ಬರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಮೊಣಕಾಲು ನೋವೆಂದನು. ಈ ಗ್ರಂಥದ ಉಪಸಂಹಾರವನ್ನು ಬರೆಯುವ ಮೊದಲು ಅವನನ್ನು ಒಮ್ಮೆ ಕಾಣೋಣವೆಂದು ಹೋದ ಶನಿವಾರ ಸಂಜೆ ಅವನ ಮನೆಗೆ ಹೋದೆನು. ಸೈಕಲ್ಲು ಮೆಟ್ಟಿಲ ಕೆಳಗೆ, ಎರಡೂ ಟೈರು ನೆಲಕ್ಕೆ ಕೂತು, ಹಳೆಯ ಸೀರೆ ಹೊದ್ದು ನಿಂತಿತ್ತು. ಕಾಫಿ ಬಂದಿತು. ಊರಿನ ಮಾತು, ಮಳೆಯ ಮಾತು, ಬಡ್ತಿಯ ಮಾತು ಆಯಿತು. ಏಳುವ ಹೊತ್ತಿಗೆ ಅವನೇ, ಏನನ್ನೋ ನೆನಪಿಸಿಕೊಂಡವನಂತೆ ಕೇಳಿದನು:

‘ಅಲ್ಲ ಮೇಷ್ಟ್ರೆ, ಅವತ್ತು ಆ ಹುಡುಗನ ಟ್ಯೂಬಿಗೆ ಹಾಕಿದ ಪ್ಯಾಚು ಆಮೇಲೆ ಹಿಡೀತಾ? ಸಲ್ಯೂಷನ್ ಸ್ವಲ್ಪ ಹಸಿ ಇತ್ತು.’

ನನಗೆ ತಿಳಿಯದು. ಮೂರು ಸುತ್ತು ಅದೇ ದಾರಿಯಲ್ಲಿ ಹೋಗಿದ್ದರೂ ನಾನು ಆ ಕಡೆ ನೋಡಿರಲಿಲ್ಲ.